ರಾಗಿಗೆ 3 ಮೀಟರ್, ಮೆಕ್ಕೆಜೋಳಕ್ಕೆ 200

ಬೀಜ ಪ್ರಮಾಣೀಕರಣದ ನಿಯಮಗಳಲ್ಲಿ ಒಂದು ಅಂತರದ ಲೆಕ್ಕವಿದೆ. ಬೀಜಕ್ಕೆಂದು ಬೆಳೆಯುವ ಹೊಲವು ಅದೇ ಬೆಳೆಯ ಬೇರೆ ತಳಿಯ ಹೊಲದಿಂದ ಎಷ್ಟು ದೂರ ಇರಬೇಕು ಎಂಬ ಲೆಕ್ಕ ಅದು. ಭತ್ತಕ್ಕೆ 3 ಮೀಟರ್ ಸಾಕು. ರಾಗಿಗೂ 3 ಮೀಟರ್. ಮೆಣಸಿನಕಾಯಿಯ ಪ್ರಮಾಣಿತ ಬೀಜಕ್ಕೆ 200 ಮೀಟರ್ ಬೇಕು, ಮೆಕ್ಕೆಜೋಳದ ಹೈಬ್ರಿಡ್ ಬೀಜಕ್ಕೂ 200. ಸೂರ್ಯಕಾಂತಿಯ ಹೈಬ್ರಿಡ್ ಬೀಜಕ್ಕೆ 400. ಬೀಜೋತ್ಪಾದಕರಿಗೆ ಇದು ದಿನನಿತ್ಯದ ವಿಷಯ. ಉಳಿದವರ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ನಮ್ಮ ಯಾವ ಬೆಳೆಯ ಬೀಜ ರೈತನ ಮನೆಯಲ್ಲಿ ಉಳಿದಿದೆ, ಯಾವುದು ಅಂಗಡಿಗೆ ಹೋಗಿದೆ ಅನ್ನುವುದರ ಅರ್ಧ ಉತ್ತರ ಈ ಅಂಕಿಗಳಲ್ಲೇ ಇದೆ.

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ನಾಟಿ ಭತ್ತದ ತಳಿಗಳನ್ನು ವರ್ಷವರ್ಷವೂ ಬೆಳೆದು ಉಳಿಸುತ್ತಿದ್ದಾರೆ. ಚಿಕ್ಕ ಚಿಕ್ಕ ಮಡಿಗಳು, ಪಕ್ಕಪಕ್ಕದಲ್ಲೇ ಬೇರೆ ಬೇರೆ ತಳಿಗಳು. ಕೆಂಪಕ್ಕಿ ಕೆಂಪಾಗಿಯೇ ಉಳಿಯುತ್ತದೆ, ಸಣ್ಣಕ್ಕಿ ಸಣ್ಣದಾಗಿಯೇ ಉಳಿಯುತ್ತದೆ. ಅವರ ಶ್ರದ್ಧೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಭತ್ತದ ಹೂವೂ ಅವರ ಜೊತೆಗೆ ನಿಂತಿದೆ. ಮೆಕ್ಕೆಜೋಳದಲ್ಲಿ ಇದೇ ಕೆಲಸಕ್ಕೆ ಇಳಿದಿದ್ದರೆ ಅಷ್ಟೇ ಶ್ರದ್ಧೆಯ ರೈತನೂ ಎರಡು ತಳಿಗಳನ್ನು ಒಂದೇ ಊರಿನಲ್ಲಿ ಕಲಬೆರಕೆಯಾಗದಂತೆ ಕಾಯಲು ಹೆಣಗಬೇಕಿತ್ತು.

ಹೂವು ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆಯೋ, ಬೇರೆ ಗಿಡದ ಪರಾಗಕ್ಕೆ ಕಾಯುತ್ತದೆಯೋ ಎಂಬುದರ ಮೇಲೆ ಇದೆಲ್ಲ ನಿಂತಿದೆ. ಶಾಲೆಯಲ್ಲಿ ನಾವು ಓದಿದ ಸ್ವಕೀಯ ಪರಾಗಸ್ಪರ್ಶ, ಪರಕೀಯ ಪರಾಗಸ್ಪರ್ಶ ಇದೇ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಬಂದು ಹೋದ ಈ ಪಾಠ ಹೊಲದಲ್ಲಿ ಬಹಳ ದೂರದವರೆಗೆ ಬೇರು ಬಿಟ್ಟಿದೆ.

ರಾಗಿಯನ್ನೇ ಹತ್ತಿರದಿಂದ ನೋಡಿ. ತೆನೆಯ ಒಂದೊಂದು ಬೆರಳಿನಲ್ಲೂ ಎರಡು ಸಾಲಾಗಿ ಕಿರುತೆನೆಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದೊಂದು ಕಿರುತೆನೆಯೊಳಗೆ ಐದಾರು ಹೂಗಳು. ಬರಿಗಣ್ಣಿಗೆ ಅವು ಹೂವೆಂದೇ ಅನ್ನಿಸುವುದಿಲ್ಲ. ಭೂತಗನ್ನಡಿ ಹಿಡಿದರೆ ಮಾತ್ರ ಎರಡು ಹೊಟ್ಟಿನ ನಡುವೆ ಮೂರು ಪುಟ್ಟ ಪರಾಗಕೋಶಗಳು, ಗರಿಯಂಥ ಎರಡು ಶಲಾಕಾಗ್ರಗಳು ಕಾಣಿಸುತ್ತವೆ. ಹೂ ಅರಳುವುದು ನಡುರಾತ್ರಿ ಕಳೆದ ಮೇಲೆ, ಸುಮಾರು ಒಂದು ಗಂಟೆಯಿಂದ ಐದು ಗಂಟೆಯೊಳಗೆ. ಆಗ ಜೇನಿಲ್ಲ, ದುಂಬಿಯಿಲ್ಲ. ಅವುಗಳ ಅಗತ್ಯವೂ ಇಲ್ಲ. ಹೊಟ್ಟು ಬಿರಿಯುವ ಹೊತ್ತಿಗೇ ಪರಾಗಕೋಶ ಒಡೆದು ಪರಾಗ ಪಕ್ಕದಲ್ಲೇ ಇರುವ ತನ್ನ ಶಲಾಕಾಗ್ರದ ಮೇಲೆ ಉದುರುತ್ತದೆ. ಪರಾಗ ಜೀವಂತ ಇರುವುದು ಕೆಲವೇ ನಿಮಿಷ, ಹಾರಿಹೋಗಿ ಇನ್ನೊಂದು ಗಿಡವನ್ನು ಮುಟ್ಟುವಷ್ಟು ಆಯಸ್ಸು ಅದಕ್ಕಿಲ್ಲ. ರೈತ ಹೊಲಕ್ಕೆ ಬರುವ ಹೊತ್ತಿಗೆ ಆ ದಿನದ ಕೆಲಸ ಮುಗಿದೇ ಹೋಗಿರುತ್ತದೆ. ಒಂದು ರಾಗಿ ಗಿಡ ಪಕ್ಕದ ಗಿಡದೊಂದಿಗೆ ಸಂಕರಗೊಳ್ಳುವ ಸಂಭವ ನೂರಕ್ಕೆ ಒಂದರ ಆಸುಪಾಸು. ಮೂರು ಮೀಟರ್ ಸಾಕಾಗುವುದು ಇದಕ್ಕೇ.

ಹಾಗಾದರೆ ರಾಗಿ ಸಾವಿರಾರು ವರ್ಷದಿಂದ ತನ್ನೊಳಗೇ ತಾನು ಕೂಡಿಕೊಂಡು ಬಂದಿದೆ. ಆದರೂ ಸೊರಗಿಲ್ಲ. ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ತೊಂದರೆ ಬರಬಹುದೆಂದು ವೈದ್ಯರು ಎಚ್ಚರಿಸುವುದನ್ನು ಕೇಳಿದವರಿಗೆ ಇದು ವಿಚಿತ್ರವಾಗಿ ತೋರಬೇಕು. ಸೋದರಮಾವನ ಮಗಳಲ್ಲ, ತನಗೆ ತಾನೇ! ಇದಕ್ಕಿಂತ ಹತ್ತಿರದ ಸಂಬಂಧ ಇರಲು ಸಾಧ್ಯವೇ ಇಲ್ಲ.

ಈ ಪ್ರಶ್ನೆ ಚಾರ್ಲ್ಸ್ ಡಾರ್ವಿನ್‌ನನ್ನೂ ಬಹಳ ಕಾಡಿತ್ತು. ತನ್ನ ಮನೆಯ ತೋಟದಲ್ಲಿ ಬೇರೇನನ್ನೋ ಪರೀಕ್ಷಿಸಲು ಅವನು ಒಂದೇ ಬಗೆಯ ಹೂಗಿಡದ ಎರಡು ಮಡಿಗಳನ್ನು ಅಕ್ಕಪಕ್ಕ ಬೆಳೆಸಿದ್ದ. ಒಂದು ಮಡಿಯ ಬೀಜ ಸ್ವಕೀಯ ಪರಾಗದ್ದು, ಇನ್ನೊಂದರದು ಪರಕೀಯ ಪರಾಗದ್ದು. ಎರಡನೆಯ ಮಡಿ ಮೊದಲನೆಯದಕ್ಕಿಂತ ಎದ್ದು ಕಾಣುವಷ್ಟು ಹುಲುಸಾಗಿ ಬಂತು. ಅಲ್ಲಿಂದ ಹನ್ನೊಂದು ವರ್ಷ ಅವನು ಇದೇ ಕೆಲಸ ಹಿಡಿದ. ಕುಂಡದ ಒಂದು ಬದಿಗೆ ಸ್ವಕೀಯ ಬೀಜದ ಸಸಿ, ಎದುರು ಬದಿಗೆ ಪರಕೀಯ ಬೀಜದ ಸಸಿ; ಬೆಳೆದ ಮೇಲೆ ಎತ್ತರ ಅಳೆಯುವುದು. ಇಪೋಮಿಯಾ ಜಾತಿಯ ಬಳ್ಳಿಯೊಂದರಲ್ಲಿ ಹತ್ತು ತಲೆಮಾರು ಹೀಗೆ ನಡೆಸಿದ. ಸಂಕರದ ಬಳ್ಳಿಗಳ ಎತ್ತರ ನೂರು ಎಂದಿಟ್ಟುಕೊಂಡರೆ ಸ್ವಕೀಯದವು ಸರಾಸರಿ 77ಕ್ಕೆ ನಿಂತವು. 1876ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ಅವನ ಹೆಂಡತಿ ಎಮ್ಮಾ ಅವನ ಸೋದರ ಸಂಬಂಧಿಯೇ. ತನ್ನ ಮಕ್ಕಳ ಆರೋಗ್ಯದ ಬಗ್ಗೆ ಅವನಿಗಿದ್ದ ಚಿಂತೆ ಈ ಕುಂಡಗಳ ಹಿಂದೆಯೂ ಇತ್ತು.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಸರಾಸರಿ ಅಲ್ಲ, ಅದಕ್ಕೆ ಒಗ್ಗದ ಎರಡು ಸಂಗತಿಗಳು. ಆರನೆಯ ತಲೆಮಾರಿನಲ್ಲಿ ಸ್ವಕೀಯ ಬೀಜದ ಒಂದು ಬಳ್ಳಿ ಎದುರಿನ ಸಂಕರದ ಬಳ್ಳಿಯನ್ನೇ ಮೀರಿ ಬೆಳೆಯಿತು. ಡಾರ್ವಿನ್ ಅದಕ್ಕೆ 'ಹೀರೋ' ಎಂದು ಹೆಸರಿಟ್ಟು ಅದರ ಬೀಜವನ್ನು ಬೇರೆಯಾಗಿ ಬೆಳೆಸಿದ, ಅದರ ಸಂತತಿಯೂ ಗಟ್ಟಿಮುಟ್ಟಾಗಿಯೇ ಬಂತು. ಎರಡನೆಯದು ಬಟಾಣಿ. ಒಂದೇ ತಳಿಯ ಎರಡು ಬಟಾಣಿ ಗಿಡಗಳನ್ನು ಸಂಕರಿಸಿದರೆ ಯಾವ ಲಾಭವೂ ಕಾಣಲಿಲ್ಲ. ಬಟಾಣಿ ತಲತಲಾಂತರದಿಂದ ಸ್ವಕೀಯ ಪರಾಗದ ಬೆಳೆ. ಅಂದರೆ ತನ್ನೊಳಗೆ ಕೂಡುವುದು ತಾನಾಗಿ ಕೆಡುಕಲ್ಲ; ಆ ಅಭ್ಯಾಸ ಇಲ್ಲದ ಗಿಡಕ್ಕೆ ಅದನ್ನು ಹೊರಿಸಿದರೆ ಕೆಡುಕು. ಈ ವ್ಯತ್ಯಾಸ ಯಾಕೆ ಬಂತೆಂದು ಡಾರ್ವಿನ್ನನಿಗೆ ಬಿಡಿಸಿ ಹೇಳಲು ಆಗಲಿಲ್ಲ, ವಂಶವಾಹಿಯ ಪರಿಕಲ್ಪನೆ ಅವನ ಕೈಗೆ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು ಬ್ರನೋ ನಗರದ ಮಠದಲ್ಲಿದ್ದ ಗ್ರೆಗರ್ ಮೆಂಡೆಲ್‌ಗೆ. ಅವನ ಬಟಾಣಿ ಪ್ರಯೋಗ ಎಲ್ಲರಿಗೂ ಗೊತ್ತು. ಅದೇ 1866ರ ಪ್ರಬಂಧದಲ್ಲಿ ಅವನು ಇನ್ನೊಂದು ಲೆಕ್ಕ ಹಾಕಿದ್ದಾನೆ. ಒಂದು ಗುಣಕ್ಕೆ ಮಿಶ್ರವಾಗಿರುವ ಗಿಡ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತ ಹೋದರೆ ಪ್ರತಿ ತಲೆಮಾರಿಗೂ ಮಿಶ್ರ ಗಿಡಗಳ ಪಾಲು ಅರ್ಧಕ್ಕಿಳಿಯುತ್ತದೆ. ಹತ್ತನೆಯ ತಲೆಮಾರಿನಲ್ಲಿ 2048 ಗಿಡಗಳಿದ್ದರೆ 1023 ಒಂದು ಕಡೆ, 1023 ಇನ್ನೊಂದು ಕಡೆ, ಮಿಶ್ರವಾಗಿ ಉಳಿಯುವುದು ಎರಡೇ ಗಿಡ.

ಈ ಲೆಕ್ಕದೊಳಗೇ ಕುಸಿತದ ಕಾರಣವೂ ಇದೆ. ಗಿಡದಲ್ಲಿ ಪ್ರತಿ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದು ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಸಾಮಾನ್ಯವಾಗಿ ಗಿಡಕ್ಕೆ ಏನೂ ಆಗುವುದಿಲ್ಲ. ಮನೆಯಲ್ಲಿ ಎರಡು ದೀಪವಿದ್ದು ಒಂದು ಆರಿದರೂ ಕತ್ತಲಾಗದ ಹಾಗೆ. ಪರಕೀಯ ಪರಾಗದ ಬೆಳೆಯಲ್ಲಿ ಇಂಥ ಕೆಟ್ಟ ಪ್ರತಿಗಳು ಒಳ್ಳೆಯದರ ಮರೆಯಲ್ಲಿ ತಲೆಮಾರುಗಟ್ಟಲೆ ಬಚ್ಚಿಟ್ಟುಕೊಂಡು ಸಾಗುತ್ತವೆ. ಆ ಗಿಡವನ್ನು ಬಲವಂತವಾಗಿ ತನ್ನೊಂದಿಗೆ ಕೂಡಿಸಿದಾಗ ಕೆಟ್ಟದ್ದು ಕೆಟ್ಟದ್ದನ್ನು ಸೇರುತ್ತದೆ, ಮರೆ ಹೋಗುತ್ತದೆ. ಬಿಳಿಚಿದ ಸಸಿ, ಕುಳ್ಳು ಗಿಡ, ಕಾಳಿಲ್ಲದ ತೆನೆ ಹೊರಬೀಳುತ್ತವೆ. ರಾಗಿ, ಭತ್ತ, ಬಟಾಣಿಗಳಲ್ಲಿ ಈ ಹೊರಬೀಳುವಿಕೆ ಎಂದೋ ನಡೆದು ಹೋಗಿದೆ. ಕೆಟ್ಟ ಪ್ರತಿ ಜೋಡಿಯಾದ ಗಿಡಗಳು ಬೀಜ ಬಿಡದೆ ಸತ್ತವು, ಜೊತೆಗೆ ಆ ಪ್ರತಿಗಳೂ ಸತ್ತವು. ಇಂದು ನಮ್ಮ ಹೊಲದಲ್ಲಿರುವುದು ಆ ಸೋಸುವಿಕೆಯನ್ನು ದಾಟಿ ಬಂದವುಗಳ ಸಂತತಿ.

ಮೆಕ್ಕೆಜೋಳ ಈ ದಾರಿ ಹಿಡಿಯಲೇ ಇಲ್ಲ. ಗಂಡು ಹೂ ಗಿಡದ ನೆತ್ತಿಯ ಮೇಲೆ, ಹೆಣ್ಣು ಹೂ ನಡುಗಾಂಡದಲ್ಲಿ. ಮೇಲಿನ ಸೂಲಂಗಿ ಪರಾಗ ಉದುರಿಸಲು ಶುರುಮಾಡಿ ಒಂದೆರಡು ದಿನವಾದ ಮೇಲೆ ಕೆಳಗಿನ ತೆನೆಯ ರೇಷ್ಮೆ ಎಳೆಗಳು ಹೊರಬರುತ್ತವೆ. ಗಾಳಿ ಬೀಸಿದರೆ ಲಕ್ಷಾಂತರ ಪರಾಗಕಣಗಳು ಹೊಲದ ತುಂಬ. ತೆನೆಯ ಒಂದೊಂದು ಕಾಳಿಗೂ ಒಂದೊಂದು ಎಳೆ, ಒಂದೊಂದು ಎಳೆಗೂ ಬೇರೆ ಬೇರೆ ತಂದೆ. ಹಳದಿ ಮತ್ತು ಬಿಳಿ ಮೆಕ್ಕೆಜೋಳ ಅಕ್ಕಪಕ್ಕ ಬಿತ್ತಿದ ಹೊಲದಲ್ಲಿ ಬಿಳಿ ತೆನೆಯ ಸಿಪ್ಪೆ ಸುಲಿದರೆ ನಡುನಡುವೆ ಹಳದಿ ಕಾಳು ಸಿಗುತ್ತದೆ. ಪಕ್ಕದ ಹೊಲದ ಪರಾಗ ಯಾವ ಎಳೆಗೆ ಬಂದು ಕೂತಿತ್ತೆಂದು ಕಾಳುಕಾಳಾಗಿ ಎಣಿಸಬಹುದು.

ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಜಾರ್ಜ್ ಶಲ್ ಎಂಬ ವಿಜ್ಞಾನಿ ಮೆಕ್ಕೆಜೋಳದ ತೆನೆಗೂ ಸೂಲಂಗಿಗೂ ಚೀಲ ಕಟ್ಟಿ, ಅದರದೇ ಪರಾಗವನ್ನು ಅದಕ್ಕೇ ಹಾಕಿ ವರ್ಷವರ್ಷವೂ ಬೆಳೆದ. ಗಿಡಗಳು ಸಣ್ಣಗಾಗುತ್ತ ಬಂದವು, ಇಳುವರಿ ಕುಸಿಯಿತು. ಆದರೆ ಒಂದೊಂದು ಸಾಲೂ ತನ್ನೊಳಗೆ ಅಚ್ಚೊತ್ತಿದಂತೆ ಏಕರೂಪವಾಯಿತು. ಆಮೇಲೆ ಇಂಥ ಎರಡು ಸೊರಗಿದ ಸಾಲುಗಳನ್ನು ಕೂಡಿಸಿದಾಗ ಹುಟ್ಟಿದ ಗಿಡ ಮೂಲ ಗಿಡವನ್ನೇ ಮೀರಿಸುವಂತೆ ನಿಂತಿತು. 1908ರಲ್ಲಿ ಅವನು ಇದನ್ನು ಪ್ರಕಟಿಸಿದ. ಎರಡೂ ಸಾಲುಗಳಲ್ಲಿ ಕೆಟ್ಟಿರುವ ವಂಶವಾಹಿಗಳು ಬೇರೆ ಬೇರೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹೈಬ್ರಿಡ್ ಹುರುಪಿನ ಬಹುಪಾಲು ವಿವರಣೆ ಇದೇ. ಆದರೆ ಬೀಜ ಕೊಡಬೇಕಾದ ತಾಯಿ ಸಾಲೇ ಬಡಕಲಾದ್ದರಿಂದ ಬೀಜ ಬಹಳ ದುಬಾರಿಯಾಗುತ್ತಿತ್ತು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಡೊನಾಲ್ಡ್ ಜೋನ್ಸ್ ನಾಲ್ಕು ಸಾಲುಗಳನ್ನು ಎರಡು ಹಂತದಲ್ಲಿ ಕೂಡಿಸುವ ಉಪಾಯ ಹುಡುಕಿದ ಮೇಲೆ ಹೈಬ್ರಿಡ್ ಮೆಕ್ಕೆಜೋಳ ವ್ಯಾಪಾರವಾಯಿತು. ಭಾರತಕ್ಕೆ ಗಂಗಾ, ರಂಜಿತ್, ಡೆಕ್ಕನ್ ಹೆಸರಿನ ಮೊದಲ ಹೈಬ್ರಿಡ್‌ಗಳು ಬಂದದ್ದು 1961ರಲ್ಲಿ.

ದಾವಣಗೆರೆ, ಹಾವೇರಿ ಸೀಮೆಯಲ್ಲಿ ಇಂದು ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳವಿದೆ. ಅಷ್ಟೂ ಹೊಲಕ್ಕೆ ಬೀಜ ಪ್ರತಿವರ್ಷ ಚೀಲದಲ್ಲಿ ಬರುತ್ತದೆ. ರೈತ ತನ್ನ ಬೆಳೆಯ ಕಾಳನ್ನೇ ಮುಂದಿನ ಮುಂಗಾರಿಗೆ ಬಿತ್ತಿದರೆ ಆಗುವುದು ಮೆಂಡೆಲ್‌ನ ಲೆಕ್ಕ: ಎರಡು ಸಾಲಿನ ಹೈಬ್ರಿಡ್ ಆಗಿದ್ದರೆ ಮೊದಲ ವರ್ಷವೇ ಮಿಶ್ರತನದಲ್ಲಿ ಅರ್ಧ ಹೋಯಿತು, ಹುರುಪೂ ಅದರೊಂದಿಗೆ ಇಳಿಯಿತು. ಹೊಲದಲ್ಲಿ ಒಂದು ಗಿಡ ಎದೆಯುದ್ದ, ಒಂದು ಮೊಣಕಾಲುದ್ದ. ಇದು ಕಂಪನಿಯ ಮಾಟವಲ್ಲ, ಮೆಕ್ಕೆಜೋಳದ ಹೂವಿನ ರೀತಿ. ಆದರೆ ಆ ರೀತಿಯೇ ಬೀಜವ್ಯಾಪಾರಕ್ಕೆ ಬೀಗದ ಕೈ ಕೊಟ್ಟಿತು ಎನ್ನುವುದೂ ಅಷ್ಟೇ ನಿಜ.

ಇಲ್ಲಿಯವರೆಗೆ ಓದಿದವರಿಗೆ ಸ್ವಕೀಯ ಪರಾಗದ ಬೆಳೆಯೇ ಮೇಲು ಅನ್ನಿಸಬಹುದು. ಅದಕ್ಕೂ ಒಂದು ಗೋಡೆಯಿದೆ. 1903ರಲ್ಲಿ ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸನ್ ಹುರುಳಿಕಾಯಿ ಬೀಜದ ಮೇಲೆ ನಡೆಸಿದ ಪ್ರಯೋಗ ಅದನ್ನು ತೋರಿಸಿತು. ಅವನು ಒಂದೊಂದು ಬೀಜದಿಂದ ಒಂದೊಂದು ಸಾಲು ಮಾಡಿ, ಹತ್ತೊಂಬತ್ತು ಸಾಲು ಬೆಳೆದ. ಸಾಲು ಸಾಲಿನ ನಡುವೆ ಬೀಜದ ತೂಕದಲ್ಲಿ ವ್ಯತ್ಯಾಸ ಸ್ಪಷ್ಟವಾಗಿತ್ತು. ಆದರೆ ಒಂದೇ ಸಾಲಿನೊಳಗೆ ದಪ್ಪ ಬೀಜ ಆರಿಸಿ ಬಿತ್ತಿದರೂ ಅಷ್ಟೇ, ಸಣ್ಣದನ್ನು ಆರಿಸಿ ಬಿತ್ತಿದರೂ ಅಷ್ಟೇ, ಮುಂದಿನ ಪೀಳಿಗೆಯ ಸರಾಸರಿ ಬದಲಾಗಲಿಲ್ಲ. ಸಾಲು ಶುದ್ಧವಾದ ಮೇಲೆ ಅದರೊಳಗೆ ಆರಿಸಲು ಏನೂ ಉಳಿದಿರುವುದಿಲ್ಲ.

ಮೈಸೂರು ಸಂಸ್ಥಾನದ ರಾಗಿ ಸಂಶೋಧನೆ ಇದೇ ಗೋಡೆಗೆ ಬಂದು ತಾಗಿತು. ಕೆನಡಾದಿಂದ ಬಂದು ಇಲ್ಲಿಯ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಹೆಬ್ಬಾಳದಲ್ಲಿ ನಾಟಿ ರಾಗಿಯ ಹೊಲಗಳಿಂದ ಒಳ್ಳೆಯ ತೆನೆಗಳನ್ನು ಆರಿಸಿ, ಒಂದೊಂದರ ಸಂತತಿಯನ್ನು ಬೇರೆ ಬೇರೆ ಬೆಳೆದು ನೋಡುವ ಕೆಲಸ ಶುರುವಾಯಿತು. 1918ರಲ್ಲಿ ಬಂದ ಎಚ್-22 ಅದರ ಫಲ. ರೈತರು ತಲೆಮಾರುಗಳಿಂದ ಮಾಡಿಕೊಂಡು ಬಂದ ತೆನೆ ಆಯ್ಕೆಯನ್ನೇ ಇಲಾಖೆ ಲೆಕ್ಕವಿಟ್ಟು ಮಾಡಿತು ಎನ್ನಬೇಕು. ಇದರಿಂದ ಹೊಲದಲ್ಲಿ ಆಗಲೇ ಇದ್ದ ಒಳ್ಳೆಯದನ್ನು ಹೆಕ್ಕಬಹುದು. ಇಲ್ಲದ್ದನ್ನು ತರಲಾಗದು. ತರಬೇಕೆಂದರೆ ರಾಗಿಯನ್ನು ರಾಗಿಯೊಂದಿಗೆ ಸಂಕರಿಸಬೇಕು. ಆ ಹೂವೋ ಬಾಗಿಲು ತೆಗೆಯುವುದೇ ಇಲ್ಲ.

ಹೂವಿನ ಗಂಡುಭಾಗವನ್ನು ಚಿಮುಟದಿಂದ ಕಿತ್ತು ಬೇರೆ ಪರಾಗ ಹಾಕುವುದು ಹತ್ತಿಯಲ್ಲಿ ಸುಲಭ, ರಾಗಿಯ ಸಾಸಿವೆಗಿಂತ ಸಣ್ಣ ಹೂವಿನಲ್ಲಿ ಬಲು ಕಷ್ಟ. ಕೊಯಮತ್ತೂರಿನಲ್ಲಿ ಕಿರುಧಾನ್ಯ ತಜ್ಞರಾಗಿದ್ದ ಜಿ.ಎನ್. ರಂಗಸ್ವಾಮಿ ಅಯ್ಯಂಗಾರ್ 1934ರಲ್ಲಿ ಒಂದು ಸರಳ ದಾರಿ ತೋರಿಸಿದರು. ಎರಡು ತಳಿಗಳ ತೆನೆಗಳನ್ನು ಹೂ ಬಿಡುವ ಹೊತ್ತಿಗೆ ಮುಖಕ್ಕೆ ಮುಖ ತಾಗಿಸಿ ದಾರದಿಂದ ಕಟ್ಟಿಬಿಡುವುದು. ಸಾವಿರಾರು ಹೂಗಳಲ್ಲಿ ಎಲ್ಲೋ ಕೆಲವು ಪಕ್ಕದ ತೆನೆಯ ಪರಾಗ ಹಿಡಿಯುತ್ತವೆ. ಆ ಕೆಲವನ್ನು ಗುರುತಿಸುವುದು ಹೇಗೆ? ತಾಯಿಯಾಗಿ ಹಸಿರು ಗಿಡ, ತಂದೆಯಾಗಿ ನೇರಳೆ ಛಾಯೆಯ ಗಿಡ ಆರಿಸಿಕೊಂಡಿರುತ್ತಾರೆ. ನೇರಳೆ ಪ್ರಬಲ ಗುಣ. ತಾಯಿ ತೆನೆಯ ಕಾಳನ್ನೆಲ್ಲ ಬಿತ್ತಿ, ಹಸಿರು ಸಸಿಗಳ ನಡುವೆ ನೇರಳೆ ಬಣ್ಣದ ಒಂದೆರಡು ಸಸಿ ಕಂಡರೆ ಅವೇ ಸಂಕರ. ಉಳಿದದ್ದನ್ನೆಲ್ಲ ಕಿತ್ತು ಹಾಕಬೇಕು.

ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಇಂಥ ದುಡಿಮೆಗೆ ಬಾಳನ್ನೇ ಕೊಟ್ಟವರು ಸಿ.ಎಚ್. ಲಕ್ಷ್ಮಣಯ್ಯ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು, ಆ ಹೆಸರು ಅವರಿಗೆ ಪೂರ್ತಿ ಸಲ್ಲುತ್ತದೆ. ಮೊದಲು ಅವರು ಇಲ್ಲಿಯ ತಳಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ತಂದರು. ಆಮೇಲೆ ರಾಗಿಯ ತವರಾದ ಆಫ್ರಿಕದ ತಳಿಗಳ ಕಡೆ ತಿರುಗಿದರು. ಪೂರ್ವ ಆಫ್ರಿಕದ ಎತ್ತರದ ಸೀಮೆಯಿಂದ ರಾಗಿ ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದಿತ್ತು. ತನ್ನಷ್ಟಕ್ಕೆ ತಾನೇ ಕಾಳು ಕಟ್ಟುವ ಗಿಡಕ್ಕೆ ಇಂಥ ಪ್ರಯಾಣ ಸುಲಭ: ಹಡಗಿನಲ್ಲಿ ಬಂದ ಒಂದೇ ಒಂದು ಕಾಳು ಹೊಸ ನೆಲದಲ್ಲಿ ಮೊಳೆತರೂ ವಂಶ ಮುಂದುವರಿಯುತ್ತದೆ, ಜೊತೆಗಾರ ಬೇಕಿಲ್ಲ. ದೂರದ ನೆಲದಲ್ಲಿ ನೆಲೆಯೂರುವ ಗಿಡಗಳಲ್ಲಿ ಸ್ವಕೀಯದವೇ ಹೆಚ್ಚು ಎಂದು ಹರ್ಬರ್ಟ್ ಬೇಕರ್ ಎಂಬ ಸಸ್ಯವಿಜ್ಞಾನಿ 1955ರಲ್ಲಿ ಹೇಳಿದ್ದು ಈ ಕಾರಣಕ್ಕೇ. ಆದರೆ ಹಾಗೆ ಬಂದದ್ದು ತವರಿನ ವೈವಿಧ್ಯದ ಒಂದು ಪಾಲು ಮಾತ್ರ. ಉದ್ದ ಬೆರಳಿನ, ಗಟ್ಟಿ ದಂಟಿನ, ರೋಗ ತಡೆಯುವ ಎಷ್ಟೋ ಗುಣಗಳು ಅಲ್ಲೇ ಉಳಿದಿದ್ದವು. ಲಕ್ಷ್ಮಣಯ್ಯ ಅವನ್ನು ಮಂಡ್ಯಕ್ಕೆ ತಂದು ನಮ್ಮ ತಳಿಗೆ ಬೆಸೆದರು. ಭಾರತದ ರಾಗಿ, ಆಫ್ರಿಕದ ರಾಗಿ ಕೂಡಿ ಇಂಡಾಫ್ ಎಂಬ ತಳಿಸರಣಿ ಬಂತು. ಮುಂದೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಹುಟ್ಟಿ ಬೆಂಕಿರೋಗವನ್ನು ತಾಳಿಕೊಂಡು ಹಳ್ಳಿಹಳ್ಳಿ ಮುಟ್ಟಿದ ಜಿಪಿಯು-28ರ ವಂಶದಲ್ಲೂ ಇಂಡಾಫ್-5, ಇಂಡಾಫ್-9 ಇವೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಇಂಡಾಫ್ ಸಂಕರದಿಂದ ಹುಟ್ಟಿದ ತಳಿ, ಆದರೆ ಹೈಬ್ರಿಡ್ ಅಲ್ಲ. ಒಂದು ಸಲ ಸಂಕರಿಸಿದ ಮೇಲೆ ತಳಿಗಾರ ಅದನ್ನು ಆರೇಳು ತಲೆಮಾರು ತನ್ನಷ್ಟಕ್ಕೆ ಬಿಟ್ಟು, ಪ್ರತಿ ಸಲವೂ ಒಳ್ಳೆಯ ಗಿಡಗಳನ್ನು ಆರಿಸುತ್ತ ಹೋಗುತ್ತಾನೆ. ಆರು ಸಲ ಅರ್ಧ ಅರ್ಧವಾದರೆ ಮಿಶ್ರತನ ನೂರಕ್ಕೆ ಎರಡಕ್ಕಿಂತ ಕಡಿಮೆ. ಆಗ ಅದು ಸ್ಥಿರ ತಳಿ. ರೈತ ಒಂದು ಸೇರು ತಂದರೆ ಸಾಕು, ವರ್ಷಗಟ್ಟಲೆ ತನ್ನ ಕಣದ ಬೀಜವನ್ನೇ ಬಿತ್ತಿಕೊಳ್ಳಬಹುದು, ಬೀಗರಿಗೂ ಕೊಡಬಹುದು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದಲ್ಲೇ ಬೆಳೆಯುತ್ತದೆ. ಸುಧಾರಿತ ತಳಿ ಅಷ್ಟು ಬೇಗ ಊರೂರಿಗೆ ಹಬ್ಬಿದ್ದರಲ್ಲಿ ಇಲಾಖೆಯ ಕೆಲಸ ಎಷ್ಟಿದೆಯೋ ರೈತರು ಸೇರು ಪಾವುಗಳಲ್ಲಿ ಹಂಚಿಕೊಂಡದ್ದೂ ಅಷ್ಟೇ ಇದೆ. ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆ ನೇರವಾಗಿ ಜನರ ಸೊತ್ತಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಸೂರ್ಯಕಾಂತಿ ರಾಗಿಗೆ ನೇರ ವಿರುದ್ಧ. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಎಣ್ಣೆಯ ಸೂರ್ಯಕಾಂತಿ ಭಾರತಕ್ಕೆ ಬಂತು. ಹೂವಿನ ತಟ್ಟೆಯಲ್ಲಿ ನೂರಾರು, ಕೆಲವೊಮ್ಮೆ ಸಾವಿರ ಮೀರಿದ ಕಿರುಹೂಗಳು ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಅರಳುತ್ತವೆ. ಒಂದೊಂದು ಕಿರುಹೂವೂ ಮೊದಲು ಪರಾಗವನ್ನು ಹೊರಗೆ ತಳ್ಳುತ್ತದೆ, ಆಮೇಲೆ ಶಲಾಕಾಗ್ರವನ್ನು ಬಿಚ್ಚುತ್ತದೆ. ಇಷ್ಟು ಹತ್ತಿರವಿದ್ದರೂ ಅದೇ ಗಿಡದ ಪರಾಗವನ್ನು ಶಲಾಕಾಗ್ರ ಗುರುತು ಹಿಡಿದು ತಿರಸ್ಕರಿಸುತ್ತದೆ. ಆ ಪರಾಗ ಕೆಟ್ಟದ್ದಲ್ಲ, ಪಕ್ಕದ ಗಿಡದಲ್ಲಿ ಅದೇ ಪರಾಗ ಕಾಳು ಕಟ್ಟಿಸುತ್ತದೆ. ಜೇನು ಬಾರದ ಹೊಲದಲ್ಲಿ ತಟ್ಟೆ ಅಗಲವಾಗಿ ಬಂದು, ಒಳಗೆ ಬರೀ ಜೊಳ್ಳು. ನಮ್ಮ ರೈತರು ಬೆಳಗಿನ ಹೊತ್ತು ಸಾಲಿನಲ್ಲಿ ನಡೆಯುತ್ತ ಅಂಗೈಯಿಂದಲೋ ಮೆತ್ತನೆಯ ಬಟ್ಟೆಯಿಂದಲೋ ಒಂದು ತಟ್ಟೆಯನ್ನು ಸವರಿ ಅದೇ ಕೈಯನ್ನು ಮುಂದಿನ ತಟ್ಟೆಗೆ ಸವರುವುದನ್ನು ಕಲಿತದ್ದು ಇದಕ್ಕೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ಬಿಡುಗಡೆ ಮಾಡಿದ ಬಿಎಸ್ಎಚ್-1 ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್. ಅಲ್ಲಿಂದೀಚೆಗೆ ತನ್ನ ಪರಾಗವನ್ನೂ ಒಪ್ಪಿಕೊಳ್ಳುವ ಸಾಲುಗಳನ್ನು ಆರಿಸುತ್ತ ಬಂದಿದ್ದರಿಂದ ಜೊಳ್ಳು ಕಡಿಮೆಯಾಯಿತು. ಬೀಜ ಮಾತ್ರ ವರ್ಷವೂ ಕೊಳ್ಳಬೇಕಾಯಿತು. ಜೇನಿದ್ದರೆ ಕಾಳು ಈಗಲೂ ಹೆಚ್ಚು. ಹೂ ಬಿಟ್ಟ ಸೂರ್ಯಕಾಂತಿಗೆ ಹಗಲಿನಲ್ಲಿ ಕೀಟನಾಶಕ ಹೊಡೆಯುವುದು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಂತೆ.

ತೆಂಗಿನಲ್ಲಿ ಎರಡೂ ರೀತಿಗಳು ಒಂದೇ ಜಾತಿಯೊಳಗಿವೆ. ಎತ್ತರದ ತೆಂಗಿನ ಹೊಂಬಾಳೆಯಲ್ಲಿ ಗಂಡು ಹೂಗಳು ಉದುರಿ ಮುಗಿದ ಮೇಲೆ ಹೆಣ್ಣು ಹೂಗಳು ಸಿದ್ಧವಾಗುತ್ತವೆ, ಹಾಗಾಗಿ ಬೇರೆ ಮರದ ಪರಾಗವೇ ಬೇಕು. ಗಿಡ್ಡ ತೆಂಗಿನಲ್ಲಿ ಎರಡೂ ಒಟ್ಟಿಗೇ ಸಿದ್ಧ, ಅದು ತನ್ನೊಳಗೇ ಕಾಯಿ ಕಟ್ಟುತ್ತದೆ. ಕಿತ್ತಳೆ ಬಣ್ಣದ ಗಿಡ್ಡ ತೆಂಗಿನ ಮಗು ಹೆಚ್ಚಾಗಿ ಕಿತ್ತಳೆಯೇ ಆಗುವುದು ಇದರಿಂದ. ಇವೆರಡನ್ನು ಕೂಡಿಸಿದ ಮೊದಲ ತೆಂಗಿನ ಹೈಬ್ರಿಡ್ ಹುಟ್ಟಿದ್ದು 1932ರಲ್ಲಿ, ಜೆ.ಎಸ್. ಪಟೇಲ್ ಅವರ ಕೈಯಲ್ಲಿ, ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನೀಲೇಶ್ವರದಲ್ಲಿ.

ಟೊಮೆಟೊದ ಕಥೆ ಇನ್ನೂ ಬೇರೆ. ಅದರ ಕಾಡು ನೆಂಟರಲ್ಲಿ ಶಲಾಕೆ ಪರಾಗಕೋಶಗಳ ಕೊಳವೆಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಬೇಸಾಯದ ಟೊಮೆಟೊದಲ್ಲಿ ಅದು ಕುಗ್ಗಿ ಕೊಳವೆಯೊಳಗೇ ಅಡಗಿದೆ, ಗಾಳಿಗೆ ಹೂ ಅಲುಗಿದರೆ ಸಾಕು, ಪರಾಗ ಅದರ ಮೇಲೇ ಬೀಳುತ್ತದೆ. ಈ ಕುಗ್ಗುವಿಕೆಗೆ ಕಾರಣವಾದ ಮುಖ್ಯ ವಂಶವಾಹಿಯನ್ನು 2007ರಲ್ಲಿ ಅಮೆರಿಕದ ಕಾರ್ನೆಲ್‌ನ ವಿಜ್ಞಾನಿಗಳು ಗುರುತಿಸಿದರು. ಸ್ವಕೀಯದ ಗಿಡವಾದ್ದರಿಂದ ಹೈಬ್ರಿಡ್ ಬೀಜ ಬೇಕೆಂದರೆ ಮನುಷ್ಯರ ಬೆರಳುಗಳೇ ಬೇಕು. ರಾಣೆಬೆನ್ನೂರು ಸುತ್ತಿನ ನೆರಳುಪರದೆಗಳ ಅಡಿಯಲ್ಲಿ ಹೆಣ್ಣುಮಕ್ಕಳು ಮಾಡುವ ಕೆಲಸ ಇದು. ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಹಿಡಿದು, ಚಿಮುಟದಿಂದ ಪರಾಗದ ಕೊಳವೆಯನ್ನು ಶಲಾಕೆಗೆ ಪೆಟ್ಟಾಗದಂತೆ ಎಳೆದು ತೆಗೆಯುತ್ತಾರೆ. ಆಮೇಲೆ ಗಂಡು ಸಾಲಿನಿಂದ ಕೂಡಿಟ್ಟ ಪರಾಗಕ್ಕೆ ಶಲಾಕೆಯ ತುದಿಯನ್ನು ತಾಗಿಸುತ್ತಾರೆ. ಕೂಡಿಸಿದ ಹೂವಿನ ಪುಷ್ಪಪಾತ್ರೆಯ ಒಂದೆರಡು ಎಸಳನ್ನು ಕತ್ತರಿಸಿ ಗುರುತು ಮಾಡುತ್ತಾರೆ. ಹಣ್ಣಾದಾಗ ತೊಟ್ಟಿನ ಎಸಳು ಮೊಂಡಾಗಿದ್ದರೆ ಅದು ಬೀಜಕ್ಕೆ, ಪೂರ್ತಿ ಇದ್ದರೆ ಅದು ತಾನೇ ಕಟ್ಟಿದ ಹಣ್ಣು, ಪಕ್ಕಕ್ಕೆ. ಸಣ್ಣ ಪೊಟ್ಟಣದ ಟೊಮೆಟೊ ಬೀಜಕ್ಕೆ ಅಷ್ಟು ಬೆಲೆ ಯಾಕೆಂದು ಕೇಳುವವರು ಆ ಸಾಲುಗಳ ನಡುವೆ ಒಂದು ಬೆಳಗು ನಿಂತು ನೋಡಬೇಕು. ಆ ಬೆಲೆಯಲ್ಲಿ ಬಗ್ಗಿದ ಬೆನ್ನುಗಳಿಗೆ ಸೇರುವ ಪಾಲು ಎಷ್ಟು ಎಂದೂ ಕೇಳಬೇಕು.

ಹೈಬ್ರಿಡ್ ಟೊಮೆಟೊ ಹಣ್ಣಿನ ಬೀಜ ಬಿತ್ತಿದರೆ ಮೆಕ್ಕೆಜೋಳದಂತೆ ಗಿಡ ಸೊರಗುವುದಿಲ್ಲ. ಗುಣಗಳು ಚದುರುತ್ತವೆ, ಅಷ್ಟೇ: ಒಂದರ ಹಣ್ಣು ದುಂಡು, ಇನ್ನೊಂದರದು ಉದ್ದ, ಒಂದಕ್ಕೆ ರೋಗನಿರೋಧ ಇದೆ, ಇನ್ನೊಂದಕ್ಕಿಲ್ಲ. ಹಿತ್ತಲಿನಲ್ಲಿ ತಾಳ್ಮೆಯಿದ್ದವರು ಆ ಚದುರಿದವುಗಳಲ್ಲಿ ಬೇಕಾದ್ದನ್ನು ಆರಿಸುತ್ತ ಆರೇಳು ಬೆಳೆ ಕಳೆದರೆ ತಮ್ಮದೇ ಒಂದು ಸ್ಥಿರ ತಳಿಗೆ ತಲುಪಬಹುದು. ಮೆಕ್ಕೆಜೋಳದಲ್ಲಿ ಅದೇ ತಾಳ್ಮೆಯಿಂದ ಕೈಗೆ ಬರುವುದು ಬಡಕಲು ಗಿಡ.

ಎರಡರ ನಡುವೆ ನಿಂತ ಬೆಳೆಗಳೇ ಬೀಜ ಉಳಿಸುವವರನ್ನು ಹೆಚ್ಚು ಯಾಮಾರಿಸುತ್ತವೆ. ಮೆಣಸಿನಕಾಯಿ ತನ್ನ ಪರಾಗದಿಂದ ಕಾಯಿ ಕಟ್ಟಬಲ್ಲದು, ಆದರೆ ಜೇನು, ಇರುವೆಗಳು ಬಂದರೆ ಪಕ್ಕದ ಗಿಡದ್ದನ್ನೂ ಧಾರಾಳವಾಗಿ ಒಪ್ಪುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ, ಕಡ್ಡಿ ಎರಡಕ್ಕೂ ಬಣ್ಣವೇ ಪ್ರಾಣ. ಪಕ್ಕದ ಹೊಲದಲ್ಲಿ ಖಾರದ ಹೈಬ್ರಿಡ್ ಬಿತ್ತಿದ್ದರೆ ಆ ವರ್ಷದ ಬ್ಯಾಡಗಿ ಕಾಯಿ ನೋಡಲು ಮೊದಲಿನಂತೆಯೇ ಇರುತ್ತದೆ. ಕಲಬೆರಕೆ ಆಗಿರುವುದು ಒಳಗಿನ ಬೀಜದಲ್ಲಿ. ಅದು ಗೊತ್ತಾಗುವುದು ಮುಂದಿನ ವರ್ಷ ಗಿಡ ಕಾಯಿ ಬಿಟ್ಟಾಗ. ತೊಗರಿಯೂ ಇದೇ ಗುಂಪಿನದು. ಅದರ ಹಳದಿ ಹೂವಿಗೆ ಜೇನು ಮುತ್ತುವುದನ್ನು ಕಲಬುರಗಿ ಕಡೆಯ ಯಾವ ಹೊಲದಲ್ಲಾದರೂ ನೋಡಬಹುದು. ಇವುಗಳ ಬೀಜ ಇಡುವವರು ಹೊಲದ ನಡುಭಾಗದ ಗಿಡಗಳಿಂದ ಇಡಬೇಕು, ಇಲ್ಲವೇ ಕೆಲವು ಗಿಡಗಳಿಗೆ ಹೂವಿಗೆ ಮೊದಲೇ ಸೊಳ್ಳೆಪರದೆಯ ಬಟ್ಟೆ ಹೊದಿಸಬೇಕು.

ನಮ್ಮ ಕಾನೂನು ಈ ವಿಷಯದಲ್ಲಿ ರೈತನ ಪರವಾಗಿದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಸೆಕ್ಷನ್ ಪ್ರಕಾರ ಸಂರಕ್ಷಿತ ತಳಿಯದ್ದೇ ಆದರೂ ತನ್ನ ಹೊಲದ ಬೀಜವನ್ನು ರೈತ ಉಳಿಸಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹೆಸರು ಹಾಕದೆ ಮಾರಬಹುದು. ಭತ್ತ, ರಾಗಿ, ಶೇಂಗಾ ಬೆಳೆಯುವವನಿಗೆ ಈ ಹಕ್ಕು ನಿಜವಾದ ಹಕ್ಕು. ಹೈಬ್ರಿಡ್ ಮೆಕ್ಕೆಜೋಳ ಬೆಳೆಯುವವನ ಕೈಯಲ್ಲಿ ಅದು ಕಾಗದದ ಹಕ್ಕು. ಕಾಯ್ದೆ ಕೊಟ್ಟದ್ದನ್ನು ಹೂವು ಕಿತ್ತುಕೊಳ್ಳುತ್ತದೆ.

ಆದರೆ ಮೆಕ್ಕೆಜೋಳಕ್ಕೆ ಹೈಬ್ರಿಡ್ ಒಂದೇ ದಾರಿಯಲ್ಲ ಎನ್ನುವುದನ್ನು ಬೀಜದಂಗಡಿಯ ಗೋಡೆಯ ಪೋಸ್ಟರುಗಳು ಹೇಳುವುದಿಲ್ಲ. ಅನೇಕ ಒಳ್ಳೆಯ ಸಾಲುಗಳನ್ನು ಒಟ್ಟಿಗೆ ಬೆರೆಸಿ, ಗಾಳಿಯಲ್ಲಿ ತಮ್ಮತಮ್ಮಲ್ಲೇ ಸಂಕರಗೊಳ್ಳಲು ಬಿಟ್ಟು ಮಾಡುವ ಸಂಯುಕ್ತ ತಳಿಗಳಿವೆ, ಕಾಂಪೋಸಿಟ್ ಎಂದು ಕರೆಯುತ್ತಾರೆ. ಮೈಸೂರು ಬಳಿಯ ನಾಗೇನಹಳ್ಳಿ ಕೇಂದ್ರದಿಂದ ಬಂದ ಎನ್ಎಸಿ-6004 ಅಂಥದ್ದು. ಇಳುವರಿ ಒಳ್ಳೆಯ ಹೈಬ್ರಿಡ್‌ಗಿಂತ ಕಡಿಮೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಬೀಜ ವರ್ಷದಿಂದ ವರ್ಷಕ್ಕೆ ಉಳಿಯುತ್ತದೆ. ಮಳೆಯನ್ನೇ ನಂಬಿ ಎರಡು ಎಕರೆ ಬಿತ್ತುವ, ಗೊಬ್ಬರಕ್ಕೇ ಸಾಲ ಮಾಡುವ ರೈತನಿಗೆ ಬೀಜದ ಖರ್ಚು ಉಳಿಯುವುದು ಸಣ್ಣ ಮಾತಲ್ಲ. ಇಂಥ ತಳಿಗಳನ್ನು ಸುಧಾರಿಸುವುದು, ಅವುಗಳ ಬೀಜ ರೈತ ಸಂಪರ್ಕ ಕೇಂದ್ರಗಳಲ್ಲಿ ಬಿತ್ತನೆಗೆ ಮೊದಲೇ ಸಿಗುವಂತೆ ಮಾಡುವುದು ಖಾಸಗಿಯವರು ಮಾಡುವ ಕೆಲಸವಲ್ಲ, ಅವರಿಗೆ ಅದರಲ್ಲಿ ಲಾಭವಿಲ್ಲ. ಮಂಡ್ಯದ ಫಾರ್ಮು ರಾಗಿಗೆ ಮಾಡಿದ್ದನ್ನು ಮೆಕ್ಕೆಜೋಳಕ್ಕೂ ಮಾಡಬೇಕಾದವು ನಮ್ಮ ವಿಶ್ವವಿದ್ಯಾಲಯಗಳೇ.

ಬೀಜ ಇಡುವ ರೈತನೂ ಇಲ್ಲಿ ರಾಗಿಯ ರೂಢಿಯನ್ನು ಬಿಡಬೇಕಾಗುತ್ತದೆ. ರಾಗಿಯಲ್ಲಿ ಬೆರಳೆಣಿಕೆಯ ಒಳ್ಳೆಯ ತೆನೆ ಆರಿಸಿ ಸೂರಿಗೆ ಕಟ್ಟಿದರೂ ತಳಿ ಕೆಡುವುದಿಲ್ಲ. ಕಾಂಪೋಸಿಟ್ ಮೆಕ್ಕೆಜೋಳದಲ್ಲಿ ಕಣ್ಣಿಗೆ ದೊಡ್ಡದಾಗಿ ಕಂಡ ಐದಾರು ತೆನೆಗಳಿಂದಲೇ ಬೀಜ ಇಟ್ಟರೆ ಕೆಲವೇ ವರ್ಷಗಳಲ್ಲಿ ಹೊಲದ ತುಂಬ ಅಣ್ಣತಮ್ಮಂದಿರೇ ಆಗಿ, ಶಲ್ ಕಂಡ ಸೊರಗು ಇಲ್ಲೂ ಶುರುವಾಗುತ್ತದೆ. ಅಂಚಿನ ಸಾಲುಗಳನ್ನು ಬಿಟ್ಟು, ಹೊಲದ ನಡುವಿನ ನೂರಕ್ಕೆ ಕಡಿಮೆಯಿಲ್ಲದಷ್ಟು ಆರೋಗ್ಯವಂತ ಗಿಡಗಳಿಂದ ಒಂದೊಂದು ತೆನೆ ಮುರಿದು, ಎಲ್ಲದರಿಂದಲೂ ಸಮಪಾಲು ಕಾಳು ಬಿಡಿಸಿ ಬೆರೆಸಿಡಬೇಕು. ಪಕ್ಕದ ಹೊಲದವನೂ ಅದೇ ತಳಿ ಬಿತ್ತಲು ಒಪ್ಪಿದರೆ 200 ಮೀಟರಿನ ಚಿಂತೆ ಅರ್ಧ ಕಳೆಯಿತು. ಇಡೀ ಊರು ಒಪ್ಪಿದರೆ ಅಷ್ಟೂ ಹೊಲ ಸೇರಿ ಒಂದೇ ಬೀಜದ ತಾಕು.